ಅತ್ತೆ ತಿದ್ದಿದ ಕಾದಂಬರಿ

ಕಾದಂಬರಿ ಬರೆಯುವುದಕ್ಕಿಂತ, ಬರೆಯುತ್ತಿದ್ದೇನೆ ಎಂದು ಹೇಳಿಕೊಳ್ಳುವುದರಲ್ಲೇ ಸುಖ ಹೆಚ್ಚು. ಈ ಸತ್ಯವನ್ನು ನಾನು ಒಂಬತ್ತು ವರ್ಷ ಅನುಭವಿಸಿ ಕಂಡುಕೊಂಡಿದ್ದೇನೆ. ಬರೆದು ಮುಗಿಸಿದ ಕಾದಂಬರಿಯಲ್ಲಿ ಯಾರು ಬೇಕಾದರೂ ತಪ್ಪು ಹುಡುಕಬಹುದು. ಬರೆಯುತ್ತಿರುವ ಕಾದಂಬರಿಯಲ್ಲಿ ಬ್ರಹ್ಮನೂ ಹುಡುಕಲಾರ. ಮದುವೆ ಮನೆಯಲ್ಲಿ ಯಾರಾದರೂ ನೆಂಟರು, "ಏನ್ ಮಂಜುಳಾ, ಎಲ್ಲೀವರ್ಗೂ ಬಂತು ನಿನ್ ಕಾದಂಬರಿ?" ಎಂದರೆ, ನಾನು ಒಂದು ಕ್ಷಣ ದೂರಕ್ಕೆ ದೃಷ್ಟಿ ಹಾಯಿಸಿ, "ಬರ್ತಾ ಇದೆ" ಅನ್ನುತ್ತಿದ್ದೆ. ಪಂಕ್ತಿಯಲ್ಲಿ ಕೂತವರು ಎರಡನೇ ಸುತ್ತಿನ ಪಾಯಸದ ಬಗ್ಗೆ ಹೇಳುವ ಹಾಗೆ. ಕೇಳಿದವರಿಗೂ ಅಷ್ಟೇ ಸಾಕಾಗುತ್ತಿತ್ತು. ಹೆಚ್ಚು ಕೇಳಿದರೆ ಎಲ್ಲಿ ಓದಿ ಹೇಳಿಬಿಡುತ್ತಾಳೋ ಎಂಬ ಭಯ ಅವರಿಗೆ.

ನನ್ನ ಕಸುಬು ಬೇರೆ. ಯಲಹಂಕದ ಹತ್ತಿರ ಕೋಗಿಲಿನಲ್ಲಿ ಹಿಟ್ಟಿನ ಮಿಲ್ ನಡೆಸುತ್ತೇನೆ. ನಮ್ಮ ಮಾವನವರು ಹಾಕಿದ ಮಿಲ್ಲು. ಆಗ ಸುತ್ತಲೂ ಹೊಲವಿತ್ತಂತೆ; ಹೊಲದವರು ತಮ್ಮದೇ ರಾಗಿಯನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರಂತೆ. ಈಗ ಆ ಹೊಲಗಳಲ್ಲಿ ಅಪಾರ್ಟ್‌ಮೆಂಟುಗಳು ಬೆಳೆದಿವೆ. ಅಲ್ಲಿಯವರು ಸ್ಕೂಟರಿನಲ್ಲಿ ಸ್ಟೀಲ್ ಡಬ್ಬಿ ಇಟ್ಟುಕೊಂಡು ಬಂದು, "ಮೇಡಂ, ಇದು ಒಂಬತ್ತು ಥರದ ಕಾಳು, ಬೇರೆಯವರದ್ದು ಮಿಕ್ಸ್ ಆಗಬಾರದು" ಅನ್ನುತ್ತಾರೆ. ನಮ್ಮೆಜಮಾನರು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಟರ್ನರ್. ಅವರು ಬೆಳಿಗ್ಗೆ ಫ್ಯಾಕ್ಟರಿ ಬಸ್ಸು ಹತ್ತಿದರೆ ಮಿಲ್ಲಿಗೆ ನಾನೇ ದಿಕ್ಕು. ನಾನಾದರೋ ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದವಳು. ಹಾಪರಿಗೆ ರಾಗಿ ಸುರಿದು, ಅದು ಹಿಟ್ಟಾಗಿ ಇಳಿಯುವುದನ್ನು ನೋಡುತ್ತ ಎಷ್ಟು ಹೊತ್ತು ಕೂರಬಹುದು? ಒಂದು ದಿನ ಕಾದಂಬರಿ ಬರೆಯಬೇಕು ಅನ್ನಿಸಿತು. ಅನ್ನಿಸಿದ ಮರುದಿನವೇ ಬರೆಯಲು ಶುರು ಮಾಡಿದೆ ಅಂದುಕೊಳ್ಳಬೇಡಿ. ಮೊದಲು ಬರೆಯುವ ಅಭ್ಯಾಸಗಳನ್ನು ರೂಢಿಸಿಕೊಳ್ಳಬೇಕಲ್ಲ!

ದೊಡ್ಡ ಲೇಖಕರಿಗೆಲ್ಲ ಒಂದು ಜಾಗ, ಒಂದು ಹೊತ್ತು, ಒಂದು ಶಿಸ್ತು ಇರುತ್ತದೆಂದು ಕೇಳಿದ್ದೆ. ನನ್ನ ಶಿಸ್ತು ಮೇಜಿನಿಂದ ಆರಂಭವಾಯಿತು. ನಮ್ಮೆಜಮಾನರು ಕ್ವಾರ್ಟರ್ಸ್ ಖಾಲಿ ಮಾಡುತ್ತಿದ್ದ ಸ್ನೇಹಿತರೊಬ್ಬರಿಂದ ಒಂದು ಮರದ ಮೇಜು ತಂದುಕೊಟ್ಟರು. ಮೇಜು ಬಂದ ವಾರದಲ್ಲಿ ಅದರ ಮೇಲೆ ಇಸ್ತ್ರಿ ಬಟ್ಟೆ, ಎರಡನೇ ವಾರದಲ್ಲಿ ಮಿಕ್ಸಿ, ಮೂರನೇ ವಾರದಲ್ಲಿ ಒಣಗಲು ಹರವಿದ ಸಂಡಿಗೆ ಬಂದು ಕೂತವು. ಅವನ್ನೆಲ್ಲ ಎಬ್ಬಿಸಿ ಕೂರುವಷ್ಟು ದೊಡ್ಡ ಲೇಖಕಿ ನಾನಿನ್ನೂ ಆಗಿರಲಿಲ್ಲ. ಆಮೇಲೆ ಮುಂಜಾನೆ ಎದ್ದು ಯಲಹಂಕ ಕೆರೆಯ ಬೆಂಚಿನ ಮೇಲೆ ಕೂತು ಬರೆಯುವ ಪ್ರಯೋಗ ಮಾಡಿದೆ. ಕೆರೆ ಚೆನ್ನಾಗಿದೆ, ಹಕ್ಕಿಗಳಿವೆ, ಸೂರ್ಯ ತಪ್ಪದೆ ಹುಟ್ಟುತ್ತಾನೆ. ಎರಡು ತಿಂಗಳಲ್ಲಿ ನಲವತ್ತು ಪುಟ ಬರೆದೆ. ನಲವತ್ತೂ ಪುಟ ಸೂರ್ಯೋದಯವೇ. ಅಷ್ಟರಲ್ಲಿ ವಾಕಿಂಗ್ ಬರುವವರೆಲ್ಲ ನನ್ನ ಗುರುತು ಹಿಡಿದಿದ್ದರು. "ಏನಮ್ಮಾ, ಕೆರೆ ಒತ್ತುವರಿ ಸರ್ವೇನಾ? ನಮ್ ಕಡೆ ಮೋರಿ ನೀರು ಬಿಡ್ತಾರೆ, ಅದನ್ನೂ ಬರ್ಕೊಳ್ಳಿ" ಎಂದು ಒಬ್ಬರು ದಿನವೂ ನಿಂತು ಬರೆಸತೊಡಗಿದ ಮೇಲೆ ನಾನು ಕೆರೆಯ ಆಸೆ ಬಿಟ್ಟೆ.

ಆಗ ನಮ್ಮ ಮಗಳು ರಮ್ಯಾ, "ಅಮ್ಮಾ, ಕೈಯಲ್ಲಿ ಯಾಕೆ ಬರೀತೀಯ? ಫೋನ್ ಹತ್ರ ಮಾತಾಡು, ಅದೇ ಟೈಪ್ ಮಾಡ್ಕೊಳತ್ತೆ" ಅಂದಳು. ಅವಳು ಯಲಹಂಕದಲ್ಲಿ ಬಿ.ಎಸ್‌ಸಿ. ಓದುತ್ತಾಳೆ, ಫೋನಿನ ವಿಷಯದಲ್ಲಿ ಅವಳು ಹೇಳಿದ್ದೇ ವೇದ. ಮಿಲ್ಲಿನಲ್ಲಿ ಮಷಿನ್ ನಿಲ್ಲಿಸಿ, ಫೋನನ್ನು ಬಾಯಿಯ ಹತ್ತಿರ ಹಿಡಿದು, ನನ್ನ ನಾಯಕಿ ಸುಶೀಲೆಯ ಬಗ್ಗೆ ಭಾವ ತುಂಬಿ ಹೇಳಿದೆ: "ಗಂಡನ ಮಾತು ಕೇಳಿ ಸುಶೀಲೆಯ ಕಣ್ಣುಗಳಲ್ಲಿ..." ಅಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು. ಸಂಜೆ ಓದಿ ನೋಡಿದರೆ, ಸುಶೀಲೆಯ ಕಣ್ಣುಗಳಲ್ಲಿ ಎರಡು ಕೇಜಿ ರಾಗಿ, ಒಂದು ಕೇಜಿ ಗೋಧಿ ನುಣ್ಣಗೆ, ಬೇಗ ಕೊಡಕ್ಕಾ ಎಂದಿತ್ತು. ಪ್ರಾಮಾಣಿಕವಾಗಿ ಹೇಳುತ್ತೇನೆ, ಆವರೆಗೆ ನಾನು ಬರೆದಿದ್ದರಲ್ಲಿ ಜೀವವಿದ್ದ ಸಾಲು ಅದೊಂದೇ.

ಕೊನೆಗೆ ನನ್ನ ಜಾಗ ಮಿಲ್ಲೇ ಎಂದು ಒಪ್ಪಿಕೊಂಡೆ. ಉದ್ದದ ನೋಟ್‌ಬುಕ್ಕು, ಪೆನ್ಸಿಲ್ಲು. ಪೆನ್ನು ನಡೆಯುವುದಿಲ್ಲ; ಹಾಳೆಯ ಮೇಲೆ ಕೂತ ಹಿಟ್ಟಿಗೆ ನಿಬ್ಬು ಕಟ್ಟಿಕೊಳ್ಳುತ್ತದೆ. ಮಷಿನ್ ಶಬ್ದದಲ್ಲಿ ಯಾರೂ ನನ್ನನ್ನು ಮಾತಾಡಿಸುವಂತಿಲ್ಲ, ಮಾತಾಡಿಸಿದರೂ ನನಗೆ ಕೇಳಿಸುವುದಿಲ್ಲ. ಇದಕ್ಕಿಂತ ಏಕಾಂತ ಹಿಮಾಲಯದಲ್ಲೂ ಸಿಗಲಾರದು. ಕಾದಂಬರಿಯ ವಸ್ತುವೂ ಅಲ್ಲೇ ಸಿಕ್ಕಿತು. ಮಿಲ್ ನಡೆಸುವ ಒಂದು ಮನೆಗೆ ಈ ಸುಶೀಲೆ ಸೊಸೆಯಾಗಿ ಬರುತ್ತಾಳೆ. ಆ ಮನೆಯಲ್ಲಿ ಮುನಿಯಮ್ಮ ಎಂಬ ಅತ್ತೆ ಇದ್ದಾಳೆ. ಬೆಲ್ಲದ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. ಸೊಸೆ ತಿರುವಿದ ಮುದ್ದೆಯನ್ನು ಬೆರಳಿನಿಂದ ಒತ್ತಿ ನೋಡಿ, "ಇದನ್ನ ಗೋಡೆ ಕಟ್ಟಕ್ಕೆ ಇಟ್ಕೊ" ಅನ್ನುತ್ತಾಳೆ. ಯಾರಾದರೂ ಕೇಳಿದರೆ, ಪಾತ್ರಗಳೆಲ್ಲ ಪೂರ್ತಿ ಕಾಲ್ಪನಿಕ ಅನ್ನುತ್ತಿದ್ದೆ. ನಮ್ಮ ಅತ್ತೆ ಗಂಗಮ್ಮನವರಿಗೆ ಓದಲು ಬರುವುದಿಲ್ಲ. ಆ ಒಂದೇ ಧೈರ್ಯದ ಮೇಲೆ ನಾನು ವಾಸ್ತವವಾದಿ ಲೇಖಕಿಯಾಗಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ಮಷಿನ್ನಿನ ಬೆಲ್ಟು ಹರಿಯಿತು. ಹೊಸದು ತರಲು ಯಶವಂತಪುರಕ್ಕೆ ಹೋಗಬೇಕು. ಹೊರಗೆ ಐದಾರು ಜನ ಡಬ್ಬಿಗಳನ್ನು ಸಾಲಾಗಿಟ್ಟು ಕಾಯುತ್ತಿದ್ದರು. ಅತ್ತೆಯನ್ನು ಮಿಲ್ಲಿನಲ್ಲಿ ಕೂರಿಸಿ, "ಯಾರ ಡಬ್ಬಿ ಮುಂದೆ, ಯಾರದು ಹಿಂದೆ, ಜಗಳ ಆಗದ ಹಾಗೆ ನೋಡ್ಕೊಳ್ಳಿ ಅತ್ತೆ" ಎಂದು ಹೇಳಿ ಬಸ್ಸು ಹತ್ತಿದೆ. ಡಬ್ಬಿಯ ಸಾಲಿನ ಚಿಂತೆಯಲ್ಲಿ ನೋಟ್‌ಬುಕ್ಕನ್ನು ತಕ್ಕಡಿಯ ಪಕ್ಕದಲ್ಲೇ ಮರೆತಿದ್ದೆ.

ಬೆಲ್ಟು ಹಿಡಿದು ವಾಪಸ್ಸು ಬಂದಾಗ ಹನ್ನೊಂದೂವರೆ. ದೂರದಿಂದಲೇ ಅನುಮಾನ ಬಂತು. ಮಿಲ್ಲಿನ ಮುಂದೆ ಜಗಳವಿಲ್ಲ. ಕೋಗಿಲಿನ ಹೆಂಗಸರು ಕಾಯಬೇಕಾಗಿ ಬಂದಾಗ ಇಷ್ಟು ಸದ್ದಿಲ್ಲದೆ ಇದ್ದದ್ದನ್ನು ನಾನು ನೋಡಿಯೇ ಇಲ್ಲ. ಒಳಗೆ ಹೋದರೆ ಆರು ಜನ ಮೂಟೆಗಳ ಮೇಲೆ ಕೂತಿದ್ದಾರೆ. ನಡುವೆ ಸ್ಟೂಲಿನ ಮೇಲೆ ವಸಂತಾ ಮೇಡಂ. ನಮ್ಮ ಬೀದಿಯವರೇ, ಸ್ಕೂಲ್ ಟೀಚರಾಗಿ ರಿಟೈರಾದವರು. ಅವರ ಕೈಯಲ್ಲಿ ನನ್ನ ನೋಟ್‌ಬುಕ್ಕು. ಪಾಠ ಹೇಳುವ ಕಂಚಿನ ಕಂಠದಲ್ಲಿ ಓದುತ್ತಿದ್ದಾರೆ: "ಮುನಿಯಮ್ಮ ಬೆಲ್ಲದ ಪೆಟ್ಟಿಗೆಯ ಬೀಗವನ್ನು ಎರಡು ಸಲ ಎಳೆದು ನೋಡಿ, ಸೊಸೆಯ ಕಡೆ ತಿರುಗಿದಳು..." ಎದುರಿಗೆ ನಮ್ಮತ್ತೆ, ಕಾಲು ಚಾಚಿ, ಕಣ್ಣು ಮುಚ್ಚಿ, ಬಾಯಲ್ಲಿ ಎಲೆ-ಅಡಿಕೆ ಇಟ್ಟುಕೊಂಡು ಕೂತಿದ್ದಾರೆ. ಅಗಿಯುತ್ತಿರಲಿಲ್ಲ. ಅದನ್ನು ಕಂಡೇ ನನಗೆ ಹೆಚ್ಚು ಭಯವಾದದ್ದು.

"ಬಂದ್ರಾ ಮಂಜುಳಾ? ನಿಮ್ಮತ್ತೆನೇ ಜೋರಾಗಿ ಓದಿ ಅಂದ್ರು ಕಣ್ರೀ. ಏನ್ ಚೆನ್ನಾಗಿ ಬರ್ದಿದ್ದೀರ! ಆ ಮುನಿಯಮ್ಮ ಅಂತೂ ಕಣ್ಮುಂದೆ ಬಂದ್ ನಿಲ್ತಾಳೆ" ಅಂದರು ವಸಂತಾ ಮೇಡಂ. ಆರು ಜೊತೆ ಕಣ್ಣುಗಳು ಒಟ್ಟಿಗೆ ನಮ್ಮತ್ತೆಯ ಕಡೆ ಹೋಗಿ, ಒಟ್ಟಿಗೆ ಡಬ್ಬಿಗಳ ಕಡೆ ತಿರುಗಿದವು. ನಾನು ಬೆಲ್ಟು ಹಾಕಿದೆ. ಅದು ಎರಡು ಸಲ ಜಾರಿತು. ಆವತ್ತು ಬೀಸಿದ ಗೋಧಿಯಲ್ಲೆಲ್ಲ ರಾಗಿ ಸೇರಿತ್ತು, ಯಾರೊಬ್ಬರೂ ದೂರಲಿಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ಅತ್ತೆ ಮುದ್ದೆಯನ್ನು ಬೆರಳಿನಿಂದ ಒತ್ತಲಿಲ್ಲ. ಇಪ್ಪತ್ನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಸುಮ್ಮನೆ ಮುರಿದು ತಿಂದರು. ಕೈ ತೊಳೆದು ಬಂದು ಬಾಗಿಲ ಬಳಿ ಕೂತ ಮೇಲೆ ಅವರು ಬಾಯಿ ಬಿಟ್ಟರು.

"ನಾನ್ ಯಾವತ್ತೇ ಬೆಲ್ಲಕ್ಕೆ ಬೀಗ ಆಕಿದ್ದು?"

ನಾನು, "ಅದು ನೀವಲ್ಲ ಅತ್ತೆ, ಅದು ಕಥೆ..." ಅಂದೆ.

"ಬೀಗ ಆಕಿದ್ದು ಉಪ್ಪಿನ್‌ಕಾಯಿ ಗೂಡಿಗೆ. ಬೆಲ್ಲಕ್ಕೆ ಬೀಗ ಆಕಕ್ಕೆ ನಾನೇನು ಅಷ್ಟು ಜಿಪುಣೀನಾ? ಊರೋರ್ ಮುಂದೆ ನನ್ ಮಾನ ಕಳೀತೀಯಲ್ಲ!"

ಅವರು ಬೈಯಲಿಲ್ಲ, ಹೇಳಲು ತೊಡಗಿದರು. ಅವರಮ್ಮ ಪ್ರತಿ ವರ್ಷ ಒಂದು ಜಾಡಿ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕಳಿಸುತ್ತಿದ್ದರಂತೆ. ನನ್ನ ಮದುವೆಗೆ ಹಿಂದಿನ ವರ್ಷ ಕಳಿಸಿದ ಜಾಡಿಯೇ ಕೊನೆಯದು. ಮುಂದಿನ ಮಾವಿನ ಹೊತ್ತಿಗೆ ಅವರು ಇರಲಿಲ್ಲ. "ಮುಗ್ದೋದ್ರೆ ಮತ್ತೆ ಆ ಕೈ ರುಚಿ ಎಲ್ಲಿಂದ ತರ್ಲಿ? ಅದುಕ್ಕೇ ಬೀಗ ಆಕಿದ್ದು. ಅಬ್ಬಕ್ಕೊಂದು ಓಳು ತೆಗೀತಿದ್ದೆ. ನೀನು ಬಸ್ರೀಲಿ ಏನೂ ಸೇರ್ದೆ ವಾಂತಿ ಮಾಡ್ಕೋತಿದ್ದಾಗ ಬೀಗ ತೆಗ್ದು ಜಾಡೀನೇ ನಿನ್ ಮುಂದೆ ಇಟ್ಟೆ. ಒಂದು ತಿಂಗ್ಳಲ್ಲಿ ತಳ ಕೆರ್ದು ಖಾಲಿ ಮಾಡ್ದೆ ನೀನು. ಅದನ್ ಬರ್ದಿದ್ದೀಯಾ?"

ಬರೆದಿರಲಿಲ್ಲ. ಉಪ್ಪಿನಕಾಯಿ ತಿಂದದ್ದು ನೆನಪಿತ್ತು. ಬಿಳಿ ಜಾಡಿ, ಕಂದು ಮುಚ್ಚಳ, ಎಲ್ಲ ನೆನಪಿತ್ತು. ಅದು ಯಾರ ಕೈಯದು ಎಂದು ನಾನು ಕೇಳಿರಲಿಲ್ಲ. ಅವರು ಹೇಳಿರಲೂ ಇಲ್ಲ. ಬೀಗ ಹಾಕಿದ್ದು ಮಾತ್ರ ಇಪ್ಪತ್ನಾಲ್ಕು ವರ್ಷ ಜೋಪಾನವಾಗಿ ಮನಸ್ಸಿನಲ್ಲಿಟ್ಟುಕೊಂಡು, ಬೆಲ್ಲ ಬೆರೆಸಿ ಸಾಹಿತ್ಯ ಮಾಡಿದ್ದೆ. ನನಗೆ ಅಳು ಬಂತು. ಅತ್ತೆ, "ಅಳ್‌ಬೇಡ, ಮುಸುರೆ ತೊಳ್ಯೋದೈತೆ. ಬರ್ಯೋದಾದ್ರೆ ಸರ್‌ಯಾಗ್ ಬರಿ. ಗೊತ್ತಿಲ್ದಿದ್ರೆ ನನ್ ಕೇಳು. ನಾನೇನ್ ಸತ್ತಿದ್ದೀನಾ?" ಎಂದರು.

ಅಲ್ಲಿಂದ ನನ್ನ ಬರವಣಿಗೆಯ ಶಿಸ್ತು ನನ್ನ ಕೈಯಲ್ಲಿ ಉಳಿಯಲಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಗಿರಾಕಿ ಕಡಿಮೆ. ಸರಿಯಾಗಿ ಎರಡಕ್ಕೆ ಅತ್ತೆ ಬಂದು ಮೂಟೆಗೆ ಒರಗಿ, "ಊಂ, ನಿನ್ನೆ ಎಲ್ಲಿಗೆ ಬಿಟ್ವಿ?" ಅನ್ನುತ್ತಿದ್ದರು. ನನಗೆ ಸ್ಫೂರ್ತಿ ಬರಲಿಲ್ಲ ಎಂದರೆ, "ಯಾರದು ಬರ್ಬೇಕಾಗಿರೋದು? ಬರ್ಲಿಲ್ಲ ಅಂದ್ರೆ ಬಿಡು, ನಾವ್ ಶುರು ಮಾಡಾಣ" ಅನ್ನುವರು. ಒಂದು ಕಡೆ ಮುನಿಯಮ್ಮ ಸೊಸೆಯನ್ನು ತಬ್ಬಿಕೊಂಡು ಗಳಗಳನೆ ಅತ್ತಳು ಎಂದು ಬರೆದಿದ್ದೆ. ಓದಿ ಹೇಳಿದಾಗ ಅತ್ತೆ ಮುಖ ಕಿವುಚಿದರು. "ಅವ್ಳು ಅಂಗೆಲ್ಲ ಅಳೋಳಲ್ಲ. ಅಳಿಸ್ಲೇಬೇಕು ಅಂದ್ರೆ ಮುಂದೆ ನಾಕು ಈರುಳ್ಳಿ ಇಡು." ಇಟ್ಟೆ. ಇಡೀ ಕಾದಂಬರಿಯಲ್ಲಿ ಅದಕ್ಕಿಂತ ಒಳ್ಳೆಯ ಅಳು ಇನ್ನೊಂದಿಲ್ಲ. ಕಾಗುಣಿತ ನೋಡುವ ಜವಾಬ್ದಾರಿ ವಸಂತಾ ಮೇಡಂ ತಾವಾಗಿಯೇ ವಹಿಸಿಕೊಂಡರು. ಕಥೆ ಕೇಳುವುದಕ್ಕೆಂದೇ ಕೆಲವರು ಎರಡು ಗಂಟೆಗೆ ಅರ್ಧರ್ಧ ಕೇಜಿ ರಾಗಿ ತರತೊಡಗಿದರು. ಒಂಬತ್ತು ವರ್ಷದಲ್ಲಿ ಮುಗಿಯದ ಕಾದಂಬರಿ ನಾಲ್ಕು ತಿಂಗಳಲ್ಲಿ ಮುಗಿಯಿತು. ಮುಗಿದ ದಿನ ನನಗೆ ಸಂತೋಷಕ್ಕಿಂತ ಗಾಬರಿ ಹೆಚ್ಚಾಯಿತು. ಇನ್ನು ಮೇಲೆ ಮದುವೆ ಮನೆಗಳಲ್ಲಿ "ಬರ್ತಾ ಇದೆ" ಅನ್ನುವಂತಿಲ್ಲವಲ್ಲ!

ಪ್ರಕಟಣೆಯ ಮಾತು ಬಂದಾಗ ಮನೆಯಲ್ಲಿ ತಲೆಗೊಂದು ಸಲಹೆ. ರಮ್ಯಾ ಯಾವುದೋ ಆ್ಯಪ್ ತೋರಿಸಿ, "ಇಲ್ಲಿ ಕಂತು ಕಂತಾಗಿ ಹಾಕಮ್ಮಾ, ಆದ್ರೆ ಪ್ರತಿ ಕಂತಿನ ಕೊನೇಲಿ ಸಸ್ಪೆನ್ಸ್ ಇರ್ಬೇಕು" ಅಂದಳು. ಪ್ರಯತ್ನಿಸಿದೆ. "ಬಾಗಿಲು ತಟ್ಟಿದ ಸದ್ದಾಯಿತು. ಸುಶೀಲೆ ಬೆಚ್ಚಿದಳು. ಯಾರಿರಬಹುದು?" ಎಂದು ಒಂದು ಅಧ್ಯಾಯ ನಿಲ್ಲಿಸಿ ಮಿಲ್ಲಿನಲ್ಲಿ ಓದಿದರೆ, ಕೇಳುತ್ತಿದ್ದವರೊಬ್ಬರು, "ಇನ್ಯಾರು, ಗ್ಯಾಸ್ ಸಿಲಿಂಡರ್‌ನೋರು" ಎಂದರು. ನಮ್ಮೆಜಮಾನರದು ಸರಳ ಸಲಹೆ. "ನಾವೇ ಪ್ರಿಂಟ್ ಮಾಡ್ಸೋಣ ಬಿಡು. ಐದು ಕೇಜಿ ಬೀಸಿಸಿದೋರಿಗೆ ಒಂದು ಪುಸ್ತಕ ಫ್ರೀ." ಅವರು ತಮಾಷೆಗೆ ಹೇಳಲಿಲ್ಲ ಎಂಬುದೇ ನನ್ನ ಕಷ್ಟ. ಆದರೆ ನನಗೊಂದು ಹಟ. ನಮ್ಮ ಮಿಲ್ಲಿನ ಹಿಟ್ಟು ತಿನ್ನದ, ನನ್ನ ಮುಖದಾಕ್ಷಿಣ್ಯವಿಲ್ಲದ ಯಾರಾದರೊಬ್ಬರು ಓದಿ, ಇದು ಪುಸ್ತಕವಾಗಬೇಕು ಅನ್ನಬೇಕು. ಆಗಲೇ ನನಗೆ ನಂಬಿಕೆ.

ಆರ್.ಟಿ. ನಗರದಲ್ಲಿ ಒಬ್ಬ ಪ್ರಕಾಶಕರಿದ್ದಾರೆಂದು ವಸಂತಾ ಮೇಡಂ ವಿಳಾಸ ಕೊಟ್ಟರು. ಮಹಡಿಯ ಮೇಲೊಂದು ಕೋಣೆ, ನೆಲದಿಂದ ಸೂರಿನವರೆಗೆ ಪುಸ್ತಕದ ಕಟ್ಟುಗಳು, ನಡುವೆ ಎರಡು ಕನ್ನಡಕಗಳಿದ್ದ ಹಿರಿಯರು; ಒಂದು ಮೂಗಿನ ಮೇಲೆ, ಒಂದು ತಲೆಯ ಮೇಲೆ. ಹಸ್ತಪ್ರತಿ ಕೊಟ್ಟು ಬಂದೆ. ಎರಡು ತಿಂಗಳ ಮೇಲೆ ಕರೆ ಬಂತು. ಹೋದೆ.

"ಭಾಷೆ ಚೆನ್ನಾಗಿದೆಯಮ್ಮ. ಮಿಲ್ಲು, ಆ ಹೆಂಗಸರು, ಎಲ್ಲ ಚೆನ್ನಾಗಿದೆ" ಎಂದು ಶುರು ಮಾಡಿದರು. ಆರಂಭದಲ್ಲೇ ಇಷ್ಟು ಹೊಗಳಿದರೆ ಕಷ್ಟ ಕಾದಿದೆ ಎಂದೇ ಅರ್ಥ. "ಆದ್ರೆ ಈ ಮುನಿಯಮ್ಮನ್ನ ನಂಬೋಕಾಗ್ತಿಲ್ಲ. ಬೆಳಿಗ್ಗೆ ಸೊಸೇನ ಬಾಯಿಗೆ ಬಂದ ಹಾಗೆ ಬೈತಾಳೆ, ಮಧ್ಯಾಹ್ನ ಅದೇ ಸೊಸೆಗೋಸ್ಕರ ಬೀದಿಗಿಳಿದು ಜಗಳ ಆಡ್ತಾಳೆ. ಹಾಗೆಲ್ಲ ಇರಲ್ಲಮ್ಮ. ಒಂದೋ ಕೆಟ್ಟೋಳು ಮಾಡಿ, ಇಲ್ಲ ಒಳ್ಳೆಯೋಳು ಮಾಡಿ. ತಿದ್ದಿ ತಂದ್ರೆ ಯೋಚ್ನೆ ಮಾಡೋಣ."

ಮುಖ ಸಣ್ಣದು ಮಾಡಿಕೊಂಡು ಮನೆಗೆ ಬಂದು ಅತ್ತೆಗೆ ಹೇಳಿದೆ. ಅವರು ಪೂರ್ತಿ ಕೇಳಿ, ಒಳಗೆ ಹೋಗಿ, ರೇಷ್ಮೆ ಅಂಚಿನ ಸೀರೆ ಉಟ್ಟು ಕೈಯಲ್ಲಿ ಆಧಾರ್ ಕಾರ್ಡ್ ಹಿಡಿದು ಬಂದರು. "ನಡಿ." ನಾಳೆ ಹೋಗೋಣ ಎಂದು ಅವರನ್ನು ಆ ದಿನ ತಡೆಯುವಷ್ಟರಲ್ಲಿ ಸಾಕುಸಾಕಾಯಿತು. ಮರುದಿನ ಬೆಳಿಗ್ಗೆ ಕೋಗಿಲು ಕ್ರಾಸಿನಲ್ಲಿ ಬಸ್ಸು ಹತ್ತಿ, ಹೆಬ್ಬಾಳದಲ್ಲಿ ಇಳಿದು, ಇನ್ನೊಂದು ಹತ್ತಿ ಹೋದೆವು. ಇಬ್ಬರಿಗೂ ಫ್ರೀ ಟಿಕೆಟ್. ಸುಮ್ಮನೆ ನೋಡಲು ಬರುತ್ತೇನೆ, ಒಂದು ಮಾತೂ ಆಡುವುದಿಲ್ಲ ಎಂದು ಅತ್ತೆ ಮಾತು ಕೊಟ್ಟಿದ್ದರು.

ಮೆಟ್ಟಿಲು ಹತ್ತಿ ಕುರ್ಚಿಯಲ್ಲಿ ಕೂತು ಉಸಿರು ತಿರುಗಿದ ಕೂಡಲೇ ಅತ್ತೆ ನನ್ನ ಕಡೆ ತಿರುಗಿದರು. "ನೋಡು, ತಲೆ ತುಂಬ ಇಟ್ಟು. ಮನೆ ಬಿಡೋವಾಗ ಕನ್ನಡಿ ನೋಡ್ಕೊಂಡ್ ಬರಕಾಗಲ್ವಾ? ದೊಡ್ಡೋರ್ ಹತ್ರ ಬರೋ ರೀತೀನಾ ಇದು?" ಆಮೇಲೆ ಪ್ರಕಾಶಕರಿಗೆ: "ಇಪ್ಪತ್ನಾಕು ವರ್ಸ ಆಯ್ತು ಸಾಮಿ. ಇವತ್ತಿಗೂ ಇವ್ಳ ಕೈ ಸಾರಲ್ಲಿ ಉಪ್ಪು ಕಮ್ಮಿ. ಏಳಿ ಏಳಿ ನನ್ ಬಾಯಿ ಒಣಗೋಯ್ತು."

ಪ್ರಕಾಶಕರು ಸಭ್ಯರು. ಹಿರಿಯ ಹೆಂಗಸಿನ ಮಾತಿಗೆ ಒಂದು ಹೂಂಗುಟ್ಟೋಣ ಎಂದುಕೊಂಡರೇನೋ, ನಗುತ್ತ, "ಹೌದಮ್ಮ, ಬರವಣಿಗೆಯಲ್ಲೂ ಅಷ್ಟೇ. ಅಲ್ಲಲ್ಲಿ ಉಪ್ಪು ಸ್ವಲ್ಪ ಕಡಿಮೆ ಅನ್ಸುತ್ತೆ" ಅಂದರು.

ಅತ್ತೆ ಕುರ್ಚಿಯಲ್ಲಿ ನೆಟ್ಟಗಾದರು.

"ಏನಂದ್ರಿ? ನಾನು ಅಂತೀನಿ, ನನ್ ಸೊಸೆ. ನೀವ್ಯಾರು ಅನ್ನಕ್ಕೆ? ದಿನಾ ಎಂಟತ್ತು ಜನ ಇಟ್ಟು ಮರ್ತು ಮೂಟೆ ಮೇಲೆ ಕೂತು ಕೇಳ್ತಾರೆ ಇವ್ಳು ಬರ್ದಿದ್ನ. ಉಪ್ಪಿಲ್ದಿದ್ರೆ ಕೇಳ್ತಿದ್ರಾ? ಮಷಿನ್ ಬಿಸೀಲಿ ಕೂತು, ಮೈಯೆಲ್ಲ ಇಟ್ಟು ಮಾಡ್ಕೊಂಡು, ಪೆನ್ಸಿಲ್ ಚೂಪು ಮಾಡಿ ಮಾಡಿ ಬರ್ದವ್ಳೆ. ನೀವು ಫ್ಯಾನ್ ಕೆಳಗೆ ಕೂತು ಉಪ್ಪು ಕಮ್ಮಿ ಅಂತೀರಾ? ಏಳೇ ಮಂಜುಳಾ. ಇವ್ರಿಗೆ ನಮ್ ಪುಸ್ತಕ ಕೊಡೋದ್ ಬ್ಯಾಡ."

ನಾನು ನೆಲ ನೋಡಿದೆ. ಭೂಮಿ ಬಾಯಿ ಬಿಡಲಿಲ್ಲ; ಮಹಡಿಯ ಮೇಲೆ ಅದೂ ಸಾಧ್ಯವಿಲ್ಲ. ಪ್ರಕಾಶಕರು ಮೂಗಿನ ಮೇಲಿನ ಕನ್ನಡಕ ತೆಗೆದು, ತಲೆಯ ಮೇಲಿನದನ್ನು ಹಾಕಿಕೊಂಡು, ಅತ್ತೆಯನ್ನು ನೋಡಿದರು. ಹಸ್ತಪ್ರತಿಯನ್ನು ನೋಡಿದರು. ಮತ್ತೆ ಅತ್ತೆಯನ್ನು ನೋಡಿದರು. ಆಮೇಲೆ ಅವರಿಗೆ ನಗು ಶುರುವಾಯಿತು. ಪುಸ್ತಕದ ಕಟ್ಟಿಗೆ ಒರಗಿಕೊಂಡು ಕಣ್ಣೊರೆಸಿಕೊಳ್ಳುವಷ್ಟು ನಕ್ಕರು.

"ಅಮ್ಮಾ, ನಿಮ್ಮ ಹೆಸರು ಮುನಿಯಮ್ಮ ಅಂತಾನಾ?"

"ಗಂಗಮ್ಮ. ಮುನಿಯಮ್ಮ ಅನ್ನೋದು ಇವ್ಳು ಎದ್ರಿಕೊಂಡು ಇಟ್ಟಿರೋ ಎಸ್ರು."

ಪ್ರಕಾಶಕರು ಕಾಫಿ ತರಿಸಿದರು. ಮುನಿಯಮ್ಮನ ಒಂದಕ್ಷರವನ್ನೂ ಮುಟ್ಟಬೇಡಿ ಎಂದರು. ಒಂದು ಮಾತು ಮಾತ್ರ ನಡೆಸಿಕೊಡಬೇಕು, ಆರಂಭದ ನಲವತ್ತು ಪುಟ ಸೂರ್ಯೋದಯ ತೆಗೆಯಬೇಕು ಎಂದರು. ಕೆರೆಯ ಬೆಂಚು, ಆ ಚಳಿ, ಆ ಹಕ್ಕಿಗಳು ನೆನಪಾದವು. ಅತ್ತೆ ಕಡೆ ಆಸೆಯಿಂದ ನೋಡಿದೆ. ಅವರು ಕಾಫಿ ಆರಿಸುತ್ತ, "ತೆಗೀರಿ ಸಾಮಿ. ಸೂರ್ಯ ದಿನಾ ಉಟ್ತಾನೆ, ಅದನ್ನೇನು ಓದೋದು" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಪುಸ್ತಕ ಬಂತು. ನನ್ನ ಪ್ರತಿಗಳ ಕಟ್ಟನ್ನು ಮಿಲ್ಲಿನಲ್ಲೇ ಬಿಚ್ಚಿದೆವು. ಮೊದಲ ಪುಸ್ತಕವನ್ನು ಅತ್ತೆ ಮೂಸಿ ನೋಡಿ, ಸೆರಗಿನಿಂದ ಒರೆಸಿ, ದೇವರ ಮುಂದಿಟ್ಟರು. ಹದಿನೈದು ದಿನದಲ್ಲಿ ಬೀದಿಯವರೆಲ್ಲ ಓದಿದರು. ಈಗ ಮಿಲ್ಲಿಗೆ ಬರುವವರು ಮೊದಲು ಅತ್ತೆಯನ್ನು ಮಾತಾಡಿಸುತ್ತಾರೆ. ಅಪಾರ್ಟ್‌ಮೆಂಟಿನ ಹುಡುಗಿಯರು ಅವರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ಆ ಒಂಬತ್ತು ಥರದ ಕಾಳಿನ ಮೇಡಂ ಮೊನ್ನೆ ಬಂದು ಅತ್ತೆಯ ಪಕ್ಕ ಮೂಟೆಯ ಮೇಲೆ ಕೂತು, ಬಹಳ ಹೊತ್ತು ಮುನಿಯಮ್ಮನನ್ನು ಹೊಗಳಿದರು. ನಾನು ಹಾಪರಿನ ಹಿಂದೆ ನಿಂತು, ಸಂಕೋಚದಿಂದ ತಲೆ ತಗ್ಗಿಸಿ, ಒಂದು ಮಾತೂ ಬಿಡದೆ ಕೇಳಿಸಿಕೊಳ್ಳುತ್ತಿದ್ದೆ.

"ಒಂದೇ ಒಂದು ಪಾತ್ರ ಮಾತ್ರ ನಂಬೋಕಾಗಲಿಲ್ಲ ಮೇಡಂ, ತಪ್ಪು ತಿಳ್ಕೋಬೇಡಿ" ಅಂದರು ಆಮೇಲೆ. "ಆ ಸುಶೀಲೆ. ಎಷ್ಟು ತಾಳ್ಮೆ, ಎಷ್ಟು ಒಳ್ಳೇತನ! ಇನ್ನೂರು ಪುಟದಲ್ಲಿ ಒಂದು ಸಲಾನೂ ತಿರುಗಿ ಮಾತಾಡಲ್ಲ. ಅಂಥ ಸೊಸೆ ನಿಜವಾಗ್ಲೂ ಎಲ್ಲಾದ್ರೂ ಇರ್ತಾಳಾ?"

ನಾನು ಹಾಪರಿನ ಹಿಂದಿನಿಂದ ಈಚೆ ಬರುವ ಮೊದಲೇ ಅತ್ತೆ ಎಲೆಗೆ ಸುಣ್ಣ ಸವರುತ್ತ ಹೇಳಿದರು. "ಇಲ್ಲ ಕಣವ್ವ. ಅದೊಂದು ಪೂರಾ ಕಟ್ಟುಕತೆ. ಪಾಪ, ಎಲ್ಲಾನೂ ನಾನೇ ಏಳ್ಕೊಟ್ರೆ ಚೆನ್ನಾಗಿರಲ್ಲ ಅಂತ, ಅದೊಂದನ್ನ ಅವ್ಳಿಗೇ ಬಿಟ್ಟಿದ್ದೆ."

ನಾನು ಮಷಿನ್ ಆನ್ ಮಾಡಿದೆ.